ಮುರಿದ ಕೈ, ಎದುರಿಗೆ ಹತ್ತನೆಯ ತರಗತಿಯ ಪರೀಕ್ಷೆ: ಲಿಪಿಕಾರರ ನೆರವು ಯಾರಿಗೆ, ಹೇಗೆ?

ಪ್ರಶ್ನೆ: ನನ್ನ ಮಗ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾನೆ. ಕಳೆದ ವಾರ ಸೈಕಲ್ಲಿನಿಂದ ಬಿದ್ದು ಅವನ ಬಲಗೈ ಮಣಿಕಟ್ಟಿನ ಮೂಳೆ ಮುರಿದಿದೆ. ಖಾಸಗಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಆರು ವಾರ ತೆಗೆಯುವಂತಿಲ್ಲ ಎಂದಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ-1ಕ್ಕೆ ಇನ್ನು ಐದು ವಾರ ಮಾತ್ರ ಇದೆ. ಬೇರೆಯವರಿಂದ ಬರೆಸಬಹುದೇ ಎಂದು ಕೇಳಿದಾಗ ಮುಖ್ಯ ಶಿಕ್ಷಕರು, ‘ಶೇಕಡಾ 40ರ ಅಂಗವಿಕಲತೆಯ ಕಾರ್ಡ್ ಇದ್ದವರಿಗಷ್ಟೇ ಆ ಸೌಲಭ್ಯ’ ಎಂದರು. ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಸಿ ಎಂದು ಬಂಧುಗಳು ಹೇಳುತ್ತಾರೆ. ಈ ಸಲ ಬಿಟ್ಟು ಪರೀಕ್ಷೆ-2 ಬರೆಸಿ ಎನ್ನುವವರೂ ಇದ್ದಾರೆ. ಇನ್ನೊಂದು ಮಾತು. ಕೈ ಮುರಿಯುವ ಮೊದಲೂ ಅವನು ತುಂಬ ನಿಧಾನವಾಗಿಯೇ ಬರೆಯುತ್ತಿದ್ದ. ಕೇಳಿದರೆ ಎಲ್ಲವನ್ನೂ ಬಾಯಲ್ಲಿ ಸರಿಯಾಗಿ ಹೇಳುತ್ತಾನೆ, ಬರೆಯಲು ಕೂತರೆ ಅರ್ಧ ಉತ್ತರವೂ ಮುಗಿಯುವುದಿಲ್ಲ. ಇದಕ್ಕೂ ಏನಾದರೂ ದಾರಿಯಿದೆಯೇ?
— ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮುರಿದ ಕೈಯದು ಈ ಐದು ವಾರಗಳ ಪ್ರಶ್ನೆ. ನಿಧಾನ ಬರವಣಿಗೆಯದು ಮುಂದಿನ ಹಲವು ವರ್ಷಗಳದು. ಎರಡಕ್ಕೂ ದಾರಿಯಿದೆ, ಆದರೆ ದಾರಿಗಳು ಬೇರೆ ಬೇರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ಕೆಡುವ ಸಂಭವವಿರುವುದರಿಂದ ಸದ್ಯಕ್ಕೆ ಕೈಯ ವಿಷಯವನ್ನಷ್ಟೇ ಮುಂದಿಡಿ. ನಿಧಾನ ಬರವಣಿಗೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಮುಖ್ಯ ಶಿಕ್ಷಕರ ಮಾತನ್ನು ನೋಡೋಣ. ಅದು ಅರ್ಧ ಸರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ‘ಅಂಗವಿಕಲ ವ್ಯಕ್ತಿ’ ಮತ್ತು ‘ಮಾನದಂಡ ಅಂಗವಿಕಲತೆಯುಳ್ಳ ವ್ಯಕ್ತಿ’ ಎಂಬ ಎರಡು ವರ್ಗಗಳನ್ನು ಹೇಳುತ್ತದೆ. ಶೇಕಡಾ 40 ಎಂಬ ಅಳತೆ ಎರಡನೆಯದಕ್ಕೆ ಮಾತ್ರ ಸೇರಿದ್ದು. ಉನ್ನತ ಶಿಕ್ಷಣದಲ್ಲಿ ಸೀಟು ಕಾಯ್ದಿರಿಸುವುದಕ್ಕೆ, ಸರ್ಕಾರಿ ನೌಕರಿಯ ಮೀಸಲಾತಿಗೆ ಆ ಅಳತೆ ಬೇಕು. ಪರೀಕ್ಷೆಯ ವಿಷಯವನ್ನು ಅಧಿನಿಯಮದ 17ನೆಯ ಪ್ರಕರಣ ಹೇಳುತ್ತದೆ: ಅಂಗವಿಕಲ ವಿದ್ಯಾರ್ಥಿಗಳ ಅಗತ್ಯಕ್ಕೆ ತಕ್ಕಂತೆ ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯನ್ನು ಮಾರ್ಪಡಿಸಬೇಕು, ಹೆಚ್ಚಿನ ಸಮಯ ಕೊಡಬೇಕು, ಲಿಪಿಕಾರರನ್ನು, ಅಂದರೆ ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರನ್ನು ಒದಗಿಸಬೇಕು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಬೇಕು. ಅಲ್ಲಿ ಶೇಕಡಾ 40ರ ಮಾತೇ ಇಲ್ಲ.

ಆದರೂ ಬಹಳ ವರ್ಷ ಪರೀಕ್ಷಾ ಸಂಸ್ಥೆಗಳು ಆ ಅಂಕಿಯನ್ನೇ ಹಿಡಿದುಕೊಂಡಿದ್ದವು. 2018ರ ಆಗಸ್ಟ್ 29ರಂದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯೂ ಮಾನದಂಡ ಅಂಗವಿಕಲತೆ ಇರುವವರಿಗಾಗಿಯೇ ಬರೆದದ್ದು. ಈ ಗೆರೆಯನ್ನು ಒಡೆದದ್ದು ಸುಪ್ರೀಂ ಕೋರ್ಟು. ಬರೆಯುವಾಗ ಕೈಬೆರಳು ಸೆಟೆದುಕೊಳ್ಳುವ ತೊಂದರೆಯಿದ್ದ ಒಬ್ಬ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗವು ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ನಿರಾಕರಿಸಿತ್ತು. ವಿಕಾಸ್ ಕುಮಾರ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ 2021ರ ಫೆಬ್ರುವರಿ 11ರಂದು ತೀರ್ಪು ಬಂತು. ಬರೆಯಲು ನಿಜವಾಗಿಯೂ ತೊಂದರೆ ಇರುವ ಅಂಗವಿಕಲ ವ್ಯಕ್ತಿಗೆ ಶೇಕಡಾವಾರು ನೋಡಿ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಕೆಲವರು ದುರುಪಯೋಗ ಮಾಡಿಕೊಂಡಾರು ಎಂಬ ಅಂಜಿಕೆಯು ಅರ್ಹರಿಗೆ ಬಾಗಿಲು ಮುಚ್ಚಲು ಕಾರಣವಾಗಲಾರದು ಎಂದೂ ಹೇಳಿತು. ಅದರ ಫಲವಾಗಿ 2022ರ ಆಗಸ್ಟ್ 10ರಂದು ಶೇಕಡಾ 40ಕ್ಕಿಂತ ಕಡಿಮೆ ಅಂಗವಿಕಲತೆಯಿದ್ದು ಬರೆಯಲು ಕಷ್ಟಪಡುವವರಿಗೆ ಪ್ರತ್ಯೇಕ ಮಾರ್ಗಸೂಚಿ ಬಂತು. 2025ರ ಫೆಬ್ರುವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯವು ಮಾನದಂಡ ಅಂಗವಿಕಲತೆಯುಳ್ಳವರಿಗೆ ಸಿಗುವ ಪರೀಕ್ಷಾ ಸೌಲಭ್ಯಗಳೆಲ್ಲ ಉಳಿದ ಅಂಗವಿಕಲ ಅಭ್ಯರ್ಥಿಗಳಿಗೂ ಸಿಗಬೇಕೆಂದು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಮುಖ್ಯ ಶಿಕ್ಷಕರು ಹೇಳಿದ್ದು ಹಳೆಯ ರೂಢಿ. ಅವರು ಬೇಕೆಂದೇ ತಡೆಯುತ್ತಿದ್ದಾರೆಂದು ಭಾವಿಸಬೇಡಿ. ಪ್ರತಿವರ್ಷ ಬದಲಾಗುವ ಸುತ್ತೋಲೆಗಳ ನಡುವೆ ಹಳೆಯದೊಂದು ಮನಸ್ಸಿನಲ್ಲಿ ಉಳಿದುಬಿಡುವುದು ಸಹಜ.

ಆದರೆ ನಿಮ್ಮ ಮಗನ ವಿಷಯದಲ್ಲಿ ಒಂದು ತೊಡಕಿದೆ. ಅಧಿನಿಯಮದ ವ್ಯಾಖ್ಯಾನವು ‘ದೀರ್ಘಕಾಲದ’ ನ್ಯೂನತೆಯನ್ನು ಹೇಳುತ್ತದೆ. ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುವ ಮೂಳೆ ಆ ವ್ಯಾಖ್ಯಾನದೊಳಗೆ ಬರುವುದಿಲ್ಲ. ಆದ್ದರಿಂದ ಈ ತೀರ್ಪುಗಳನ್ನು ಮುಂದಿಟ್ಟು ‘ಇದು ಅಂಗವಿಕಲರ ಹಕ್ಕು’ ಎಂದು ವಾದಿಸಲು ಹೋಗಬೇಡಿ. ಆ ವಾದ ನಿಲ್ಲುವುದು ಕಷ್ಟ. ನಿಮ್ಮ ಅರ್ಜಿ ನಿಲ್ಲಬೇಕಾದದ್ದು ಬೇರೊಂದು ನೆಲೆಯ ಮೇಲೆ: ಅಪಘಾತದಿಂದ ಬರೆಯಲಾಗದ ಸ್ಥಿತಿಗೆ ಬಂದ ವಿದ್ಯಾರ್ಥಿಗೆ ಪರೀಕ್ಷಾ ಮಂಡಳಿಗಳು ಬಹುಕಾಲದಿಂದ ಕೊಡುತ್ತ ಬಂದಿರುವ ಅನುಮತಿಯ ಮೇಲೆ. ಸಿಬಿಎಸ್‌ಇ ನಿಯಮಗಳಲ್ಲಿ, ಹಠಾತ್ತಾದ ಕಾಯಿಲೆಯಿಂದ ಅಥವಾ ಅಪಘಾತದಿಂದ ಬರೆಯಲಾಗದವರೆಂದು ವೈದ್ಯಾಧಿಕಾರಿ ಪ್ರಮಾಣೀಕರಿಸಿದ ವಿದ್ಯಾರ್ಥಿಗೆ ಲಿಪಿಕಾರರನ್ನು ಕೊಡುವ ಏರ್ಪಾಡು ಹಿಂದಿನಿಂದಲೂ ಇದೆ. ನಮ್ಮ ರಾಜ್ಯದಲ್ಲಿಯೂ ಪರೀಕ್ಷೆಯ ದಿನಗಳಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಹುಡುಗ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯಿಂದ ಉತ್ತರ ಬರೆಸಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅನುಮತಿ ಕೊಡುವ ಅಧಿಕಾರ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ವ್ಯವಸ್ಥೆಯದು. ಕಾಗದ ಹೊರಡಬೇಕಾದದ್ದು ನಿಮ್ಮ ಶಾಲೆಯಿಂದ.

ಈಗ ಆ ಕಾಗದದ ವಿಷಯ. ಇಂತಹ ಅರ್ಜಿಗಳು ಸೋಲುವುದು ಹೆಚ್ಚಾಗಿ ವೈದ್ಯರ ಚೀಟಿಯಲ್ಲಿ. ‘ಮೂಳೆ ಮುರಿದಿದೆ, ಆರು ವಾರ ವಿಶ್ರಾಂತಿ’ ಎಂದು ಬರೆದುಕೊಟ್ಟ ಚೀಟಿಯನ್ನು ಓದಿದ ಅಧಿಕಾರಿಗೆ ವಿಶ್ರಾಂತಿ ಬೇಕೆಂದಷ್ಟೇ ಗೊತ್ತಾಗುತ್ತದೆ, ಬರೆಯಲಾಗದೆಂದು ಗೊತ್ತಾಗುವುದಿಲ್ಲ. ಪ್ರಮಾಣಪತ್ರದಲ್ಲಿ ಇರಬೇಕಾದ ಮಾತುಗಳಿವು: ಯಾವ ಕೈ, ಆ ವಿದ್ಯಾರ್ಥಿ ಬರೆಯುವುದು ಅದೇ ಕೈಯಲ್ಲಿ ಎಂಬ ಉಲ್ಲೇಖ, ಮೂಳೆ ಮುರಿದ ದಿನ, ಪ್ಲಾಸ್ಟರ್ ತೆಗೆಯುವ ಅಂದಾಜು ದಿನ, ಯಾವ ದಿನಾಂಕದವರೆಗೆ ಅವನಿಂದ ಬರೆಯಲು ಆಗುವುದಿಲ್ಲ ಎಂಬುದು, ಮತ್ತು ‘ಲಿಪಿಕಾರರ ನೆರವು ಹಾಗೂ ಹೆಚ್ಚಿನ ಸಮಯ ಅಗತ್ಯ’ ಎಂಬ ಸ್ಪಷ್ಟ ವಾಕ್ಯ. ಖಾಸಗಿ ಆಸ್ಪತ್ರೆಯ ಚೀಟಿಯ ಮೇಲೆ ಮಾತ್ರ ನೆಚ್ಚಿಕೊಳ್ಳಬೇಡಿ. ಎಕ್ಸ್‌ರೇ ಮತ್ತು ಆ ಚೀಟಿಯೊಂದಿಗೆ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಗೆ ಅಥವಾ ಗದಗದ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿನ ಮೂಳೆ ತಜ್ಞರಿಂದ ಪ್ರಮಾಣಪತ್ರ ಪಡೆದು ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಿ. ಸರ್ಕಾರಿ ವೈದ್ಯರ ಸಹಿಯಿರುವ ಕಾಗದವನ್ನು ಯಾವ ಹಂತದಲ್ಲಿಯೂ ಮರುಪ್ರಶ್ನಿಸುವುದು ಅಪರೂಪ.

ದಿನಾಂಕದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪ್ಲಾಸ್ಟರ್ ತೆಗೆದ ದಿನವೇ ಕೈ ಬರೆಯುವ ಕೈಯಾಗುವುದಿಲ್ಲ. ಆರು ವಾರ ಅಲುಗದೆ ಇದ್ದ ಮಣಿಕಟ್ಟು ಬಿಗಿದುಕೊಂಡಿರುತ್ತದೆ, ಸ್ನಾಯುಗಳು ಸೊರಗಿರುತ್ತವೆ, ಪೆನ್ನನ್ನು ಒತ್ತಿ ಹಿಡಿದರೆ ನೋವು ಬರುತ್ತದೆ. ಹತ್ತು ಸಾಲು ಬರೆಯಲು ಆಗಬಹುದು. ಮೂರು ಗಂಟೆ ಬರೆಯಲು ಆಗುವುದಿಲ್ಲ. ನಿಮ್ಮ ಲೆಕ್ಕದಂತೆ ಪರೀಕ್ಷೆ ಆರಂಭವಾಗುವಾಗ ಪ್ಲಾಸ್ಟರ್ ಇರುತ್ತದೆ, ಕೊನೆಯ ಎರಡು ಮೂರು ಪತ್ರಿಕೆಗಳ ಹೊತ್ತಿಗೆ ತೆಗೆದಿರುತ್ತಾರೆ. ಪ್ರಮಾಣಪತ್ರದಲ್ಲಿ ಪ್ಲಾಸ್ಟರ್ ತೆಗೆಯುವ ದಿನಾಂಕವಷ್ಟೇ ಇದ್ದರೆ ಆ ಪತ್ರಿಕೆಗಳಿಗೆ ಅನುಮತಿ ಇಲ್ಲವೆಂದು ಯಾರಾದರೂ ಹೇಳಬಹುದು. ಆದ್ದರಿಂದ ವೇಳಾಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಕೊನೆಯ ಪತ್ರಿಕೆಯ ದಿನದವರೆಗೂ ಬರೆಯಲಾಗದೆಂಬುದು ಅವರ ಅಭಿಪ್ರಾಯವಾಗಿದ್ದರೆ ಅದನ್ನೇ ಬರೆಯಲು ಕೇಳಿ.

ಅರ್ಜಿ ಉದ್ದವಾಗಬೇಕಿಲ್ಲ. ವಿದ್ಯಾರ್ಥಿಯ ಹೆಸರು, ನೋಂದಣಿ ಸಂಖ್ಯೆ, ಪರೀಕ್ಷಾ ಕೇಂದ್ರ, ಅಪಘಾತದ ದಿನ, ಕೇಳುತ್ತಿರುವ ಮೂರು ಸೌಲಭ್ಯಗಳು, ಅಂದರೆ ಲಿಪಿಕಾರರು, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ನೆಲಮಹಡಿಯಲ್ಲಿ ಪ್ರತ್ಯೇಕ ಕೊಠಡಿ, ಲಗತ್ತುಗಳ ಪಟ್ಟಿ. ಇಷ್ಟು ಸಾಕು. ಪೋಷಕರ ಅರ್ಜಿಗೆ ಮುಖ್ಯ ಶಿಕ್ಷಕರ ಶಿಫಾರಸು ಪತ್ರ ಸೇರಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಜಿಲ್ಲಾ ಉಪನಿರ್ದೇಶಕರ ಕಚೇರಿಗೂ ಮಂಡಳಿಗೂ ಹೋಗಬೇಕು. ಪ್ರತಿ ಕಡೆ ಒಂದು ನಕಲಿನ ಮೇಲೆ ಸ್ವೀಕೃತಿಯ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಯಾರಾದರೂ ಆಗುವುದಿಲ್ಲ ಎಂದರೆ ವಾದಕ್ಕೆ ನಿಲ್ಲದೆ, ‘ಕಾರಣ ಬರೆದು ಹಿಂಬರಹ ಕೊಡಿ ಸರ್’ ಎಂದು ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಮೇಲಿನ ಅಧಿಕಾರಿಗೆ ತೋರಿಸಲು ಬರುವುದಿಲ್ಲ, ಬರೆದುಕೊಟ್ಟದ್ದನ್ನು ತೋರಿಸಬಹುದು. ಅನುಮತಿಯ ಆದೇಶ ಬಂದ ಮೇಲೆ ಅದರ ಪ್ರತಿ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರ ಕೈಗೆ ಮುಟ್ಟಿದೆಯೇ ಎಂಬುದನ್ನು ನೀವೇ ಹೋಗಿ ಖಚಿತಪಡಿಸಿಕೊಳ್ಳಿ. ಶಾಲೆಯೊಂದು, ಕೇಂದ್ರ ಇನ್ನೊಂದು ಆಗಿರುವಾಗ ಕಾಗದ ನಡುವೆ ಎಲ್ಲೋ ಉಳಿದುಬಿಡುತ್ತದೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡಿದ ಒಂದು ಕೇಂದ್ರಕ್ಕೆ ಹುಡುಗಿಯೊಬ್ಬಳು ಪ್ಲಾಸ್ಟರ್ ಹಾಕಿದ ಕೈಯೊಂದಿಗೆ, ಪಕ್ಕದಲ್ಲಿ ಲಿಪಿಕಾರಳನ್ನು ಕರೆದುಕೊಂಡು ಬಂದಿದ್ದಳು. ಅನುಮತಿ ಆಗಿತ್ತು, ಆದೇಶ ಮಾತ್ರ ಕೇಂದ್ರಕ್ಕೆ ಬಂದಿರಲಿಲ್ಲ. ದೂರವಾಣಿಯಲ್ಲಿ ಮಾತಾಡಿ ಅವಳನ್ನು ಒಳಗೆ ಕೂಡಿಸುವ ಹೊತ್ತಿಗೆ ಐವತ್ತು ನಿಮಿಷ ಕಳೆದಿತ್ತು. ಆ ಸಮಯವನ್ನು ಕೊನೆಯಲ್ಲಿ ಸೇರಿಸಿಕೊಟ್ಟೆವು. ಆದರೆ ವರಾಂಡದಲ್ಲಿ ನಿಂತು ಅಳುತ್ತ ಕಳೆದ ಆ ಐವತ್ತು ನಿಮಿಷ ಅವಳಿಂದ ಏನನ್ನು ಕಸಿಯಿತು ಎಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಲಿಪಿಕಾರರು ಯಾರಿರಬೇಕು? ಲಿಪಿಕಾರರ ಓದು ಪರೀಕ್ಷಾರ್ಥಿಯ ಓದಿಗಿಂತ ಒಂದು ಹಂತ ಕೆಳಗಿರಬೇಕೆಂಬುದು ನಿಯಮ. ಹತ್ತನೆಯ ತರಗತಿಗೆ ಒಂಬತ್ತನೆಯ ತರಗತಿಯವರು ಸರಿಯಾಗುತ್ತಾರೆ. ಶಾಲೆಯವರು ಒಬ್ಬರನ್ನು ಗೊತ್ತುಮಾಡಿ, ಆ ಮಗು ಒಂಬತ್ತರಲ್ಲಿ ಓದುತ್ತಿದೆ ಎಂಬ ದೃಢೀಕರಣ, ಭಾವಚಿತ್ರ, ಅದರ ತಂದೆತಾಯಿಯ ಒಪ್ಪಿಗೆ ಪತ್ರ ಸಿದ್ಧಪಡಿಸಬೇಕು. ಒಂಬತ್ತನೆಯವರ ವಾರ್ಷಿಕ ಪರೀಕ್ಷೆಯೂ ಇದೇ ದಿನಗಳ ಆಸುಪಾಸಿನಲ್ಲಿ ಬರುವುದರಿಂದ ಎರಡೂ ವೇಳಾಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಿನಗಳು ತಾಕಲಾಡಿದರೆ ಎರಡನೆಯ ಹೆಸರೊಂದನ್ನೂ ಅರ್ಜಿಯಲ್ಲಿಯೇ ಸೇರಿಸಿ. ತರಗತಿಗೆ ಮೊದಲು ಬರುವ ಹುಡುಗನನ್ನೇ ಹುಡುಕುವ ಆಸೆ ಎಲ್ಲ ಪೋಷಕರಿಗೂ ಇರುತ್ತದೆ. ನನ್ನ ಅನುಭವದಲ್ಲಿ ಅದು ಬೇಕಾಗಿಲ್ಲ. ಬುದ್ಧಿವಂತ ಲಿಪಿಕಾರ ತನಗೆ ಸರಿ ಅನಿಸಿದ್ದನ್ನು ಬರೆಯಲು ಹೋಗುತ್ತಾನೆ, ನಡುವೆ ತಡೆದು ‘ಹಾಗಲ್ಲ’ ಎನ್ನುತ್ತಾನೆ. ಅದು ನಿಯಮಕ್ಕೂ ವಿರುದ್ಧ, ಪರೀಕ್ಷಾರ್ಥಿಯ ಯೋಚನೆಯನ್ನೂ ಕದಡುತ್ತದೆ. ನಿಮಗೆ ಬೇಕಾದದ್ದು ದುಂಡಗಿನ ಅಕ್ಷರ, ಬರವಣಿಗೆಯ ವೇಗ, ಹೇಳಿದ್ದನ್ನು ಹೇಳಿದ ಹಾಗೆ ಬರೆಯುವ ತಾಳ್ಮೆ. ಕಾಗುಣಿತ ಸ್ವಚ್ಛವಾಗಿರಬೇಕು. ಒಡಹುಟ್ಟಿದವರು ಬೇಡ; ಮೇಲ್ವಿಚಾರಕರ ಅನುಮಾನಕ್ಕೆ ಎಡೆಯಾಗುತ್ತದೆ, ಒತ್ತಡದಲ್ಲಿ ಮನೆಯ ಜಗಳವೂ ಅಲ್ಲಿಗೆ ಬಂದುಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಹೆಚ್ಚಿನವರು ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದ ಕೆಲಸ ಇಲ್ಲಿಂದಲೇ ಆರಂಭ. ಉತ್ತರವನ್ನು ಬರೆಯುವುದು ಒಂದು ವಿದ್ಯೆಯಾದರೆ ಉತ್ತರವನ್ನು ಹೇಳಿ ಬರೆಸುವುದು ಇನ್ನೊಂದು. ಹತ್ತು ವರ್ಷ ಕೈಯಲ್ಲಿ ಯೋಚಿಸಿ ರೂಢಿಯಾದ ಹುಡುಗನಿಗೆ ಬಾಯಲ್ಲಿ ಯೋಚಿಸು ಎಂದರೆ ಮೊದಲ ದಿನ ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಸುಸ್ತಾಗುತ್ತಾನೆ. ಪರೀಕ್ಷೆಗೆ ಎರಡು ದಿನ ಮೊದಲು ಲಿಪಿಕಾರರನ್ನು ಭೇಟಿಯಾಗುವ ಅವಕಾಶ ಕೊಡಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ಎರಡು ದಿನ ಏನೇನೂ ಸಾಲದು. ನಿಮಗೆ ಐದು ವಾರ ಇದೆ, ಈ ವಾರದಿಂದಲೇ ದಿನಕ್ಕೆ ಒಂದು ಗಂಟೆಯಂತೆ ಇಬ್ಬರನ್ನೂ ಜೊತೆಯಲ್ಲಿ ಕೂಡಿಸಿ. ಪೂರ್ವಸಿದ್ಧತಾ ಪರೀಕ್ಷೆ ಇನ್ನೂ ಬಾಕಿಯಿದ್ದರೆ ಅದನ್ನೂ ಇದೇ ಲಿಪಿಕಾರನಿಂದ ಬರೆಸಲು ಶಾಲೆಯವರನ್ನು ಒಪ್ಪಿಸಿ.

ಕೂಡುವ ರೀತಿಯಿಂದಲೇ ಆರಂಭಿಸೋಣ. ಲಿಪಿಕಾರ ಬಲಗೈಯವನಾದರೆ ನಿಮ್ಮ ಮಗ ಅವನ ಎಡಕ್ಕೆ ಕೂಡಬೇಕು. ಬಲಕ್ಕೆ ಕೂತರೆ ಬರೆಯುವ ಕೈಯೇ ಹಾಳೆಯನ್ನು ಮರೆಮಾಡುತ್ತದೆ. ನಿಮ್ಮ ಮಗನಿಗೆ ಕಣ್ಣು ಚೆನ್ನಾಗಿರುವುದು ದೊಡ್ಡ ಅನುಕೂಲ. ಪ್ರತಿ ಸಾಲನ್ನೂ ಬರೆಯುತ್ತಿರುವಾಗಲೇ ನೋಡುತ್ತ, ತಪ್ಪಿದ್ದರೆ ಆಗಲೇ ತಿದ್ದಿಸಬಹುದು. ಒಂದು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡು, ನಾಲ್ಕೈದು ಪದಗಳ ತುಂಡುಗಳಾಗಿ ಹೇಳಿ, ಲಿಪಿಕಾರ ಆ ತುಂಡನ್ನು ಬರೆಯುತ್ತಿರುವಾಗ ಮುಂದಿನ ತುಂಡನ್ನು ಸಿದ್ಧಮಾಡಿಕೊಳ್ಳುವುದು ಕ್ರಮ. ‘ಹೊಸ ಸಾಲು’, ‘ಅಡಿಗೆರೆ’, ‘ಪ್ರಶ್ನೆ ಸಂಖ್ಯೆ ಹದಿನಾಲ್ಕು, ಅಂಚಿನಲ್ಲಿ’ ಎಂಬಂತಹ ಸೂಚನೆಗಳನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಳ್ಳಲಿ.

ಕನ್ನಡ ಪತ್ರಿಕೆಯಲ್ಲಿ ಗದ್ಯದ ಉತ್ತರಗಳು ಸುಲಭವಾಗಿ ಸಾಗುತ್ತವೆ. ಕಂಠಪಾಠದ ಪದ್ಯವನ್ನು ಹೇಳಿ ಬರೆಸುವಾಗ ಎಚ್ಚರ ಬೇಕು: ಹಳಗನ್ನಡದ ರೂಪಗಳು, ಱ, ೞ ಬರುವ ಕಡೆ ಒಂಬತ್ತನೆಯ ತರಗತಿಯ ಹುಡುಗ ತನಗೆ ಗೊತ್ತಿರುವ ಹೊಸಗನ್ನಡದ ರೂಪವನ್ನು ಬರೆದುಬಿಡುತ್ತಾನೆ. ಛಂದಸ್ಸಿನ ಪ್ರಶ್ನೆಯಲ್ಲಿ ಪ್ರಸ್ತಾರ ಹಾಕುವುದಕ್ಕೆ ಪ್ರತ್ಯೇಕ ಅಭ್ಯಾಸವೇ ಬೇಕು. ಮೊದಲು ಸಾಲನ್ನು ಅಕ್ಷರಗಳ ನಡುವೆ ಜಾಗ ಬಿಟ್ಟು ಬರೆಸಿ, ಆಮೇಲೆ ಎಡದಿಂದ ‘ಲಘು, ಲಘು, ಗುರು’ ಎಂದು ಹೇಳುತ್ತ ಗುರುತು ಹಾಕಿಸಿ, ಕೊನೆಯಲ್ಲಿ ಗಣಗಳಿಗೆ ಗೆರೆ ಎಳೆಸಬೇಕು. ಇಂಗ್ಲಿಷ್ ಪತ್ರಿಕೆಯಲ್ಲಿ ಅನುಮಾನವಿರುವ ಪದಗಳ ಅಕ್ಷರಗಳನ್ನು ಒಂದೊಂದಾಗಿ ಹೇಳಲಿ.

ಗಣಿತದಲ್ಲಿ ಹೇಳುವ ಭಾಷೆಯೇ ಬೇರೆ. ‘ಎಕ್ಸ್ ಪ್ಲಸ್ ಎರಡರ ವರ್ಗ’ ಎಂದರೆ ಎಕ್ಸ್‌ಗೆ ಎರಡರ ವರ್ಗವನ್ನು ಕೂಡಿಸುವುದೋ, ಎರಡನ್ನೂ ಕೂಡಿಸಿ ವರ್ಗ ಮಾಡುವುದೋ ಕೇಳಿದವನಿಗೆ ತಿಳಿಯುವುದಿಲ್ಲ. ‘ಆವರಣ ಆರಂಭ, ಎಕ್ಸ್ ಪ್ಲಸ್ ಎರಡು, ಆವರಣ ಮುಕ್ತಾಯ, ಮೇಲೆ ಎರಡು’ ಎಂದು ಹೇಳುವ ರೂಢಿ ಬರಬೇಕು. ಭಿನ್ನರಾಶಿಗಳಲ್ಲಿ ‘ಮೇಲೆ’, ‘ಗೆರೆ’, ‘ಕೆಳಗೆ’ ಎಂಬ ಮೂರು ಪದಗಳು ಸಾಕು. ರೇಖಾತ್ಮಕ ಸಮೀಕರಣಗಳ ಜೋಡಿಯನ್ನು ನಕ್ಷೆಯಲ್ಲಿ ಬಿಡಿಸುವ ಲೆಕ್ಕ ಬಂದರೆ ಪ್ರಮಾಣ, ಅಕ್ಷಗಳು, ಪ್ರತಿ ಬಿಂದುವಿನ ನಿರ್ದೇಶಾಂಕ ಎಲ್ಲವನ್ನೂ ಇವನೇ ಹೇಳಿ, ಬಿಂದು ಎಲ್ಲಿ ಬೀಳಬೇಕೆಂದು ಎಡಗೈ ಬೆರಳಿನಿಂದ ತೋರಿಸಬೇಕು. ವಿಜ್ಞಾನದ ಚಿತ್ರಗಳೇ ಎಲ್ಲಕ್ಕಿಂತ ಕಷ್ಟ. ಮಿದುಳಿನ ಅಥವಾ ಕಣ್ಣಿನ ಚಿತ್ರವನ್ನು ಹೇಳಿ ಬರೆಸುವುದು ಸಣ್ಣ ಮಾತಲ್ಲ. ಪಠ್ಯದಲ್ಲಿರುವ ಮುಖ್ಯ ಚಿತ್ರಗಳನ್ನು ಇಬ್ಬರೂ ಸೇರಿ ಹತ್ತಾರು ಸಲ ಬರೆದು, ಯಾವ ಗೆರೆಯಿಂದ ಆರಂಭಿಸುವುದು, ಯಾವ ಭಾಗವನ್ನು ಯಾವಾಗ ಹೆಸರಿಸುವುದು ಎಂಬ ಕ್ರಮವನ್ನು ಬಾಯಿಗೆ ತಂದುಕೊಳ್ಳಬೇಕು. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆಗೂ ಇದೇ ಮಾತು.

ಹೆಚ್ಚುವರಿ ಸಮಯ ಇರುವುದು ಈ ಎಲ್ಲ ಹೇಳುವ, ಕೇಳುವ, ತಿದ್ದುವ ಕೆಲಸಕ್ಕಾಗಿಯೇ. ಗಂಟೆಗೆ 20 ನಿಮಿಷವೆಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಹೇಳಿ ಬರೆಸುವವನಿಗೆ ಅದು ಬೇಕೇ ಬೇಕು, ಉಳಿಯುವುದಿಲ್ಲ. ‘ಅವನಿಗೆ ಒಂದು ಗಂಟೆ ಜಾಸ್ತಿ ಸಿಕ್ಕಿತು’ ಎಂದು ಸಹಪಾಠಿಗಳ ಮನೆಯವರು ಆಡಿಕೊಂಡರೆ ನಿಮ್ಮ ಮಗ ಕುಗ್ಗದಂತೆ ನೋಡಿಕೊಳ್ಳಿ. 2018ರ ಮಾರ್ಗಸೂಚಿ ಇದನ್ನು ‘ಪರಿಹಾರ ಸಮಯ’ ಎಂದೇ ಕರೆಯಿತು. ಕಳೆದುಹೋಗುವುದನ್ನು ತುಂಬಿಕೊಡುವ ಸಮಯ ಅದು.

ಎಡಗೈಯಲ್ಲಿ ಬರೆಯಲು ಕಲಿಸುವ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಐದು ವಾರದಲ್ಲಿ ಎಡಗೈ ಅಕ್ಷರ ಮೂಡಿಸಬಹುದು, ಮೂರು ಗಂಟೆಯ ಉತ್ತರ ಪತ್ರಿಕೆಯನ್ನು ತುಂಬಿಸಲಾರದು. ಓದಬೇಕಾದ ಸಮಯ ಅಕ್ಷರ ತಿದ್ದುವುದರಲ್ಲಿ ಹೋಗುತ್ತದೆ. ಎಡಗೈಯಲ್ಲಿ ಅವನು ಸಹಿಯೊಂದನ್ನು ಕಲಿತರೆ ಸಾಕು. ಆ ಸಹಿ ಅವನ ಹಿಂದಿನ ಸಹಿಗೆ ಹೋಲುವುದಿಲ್ಲವಾದ್ದರಿಂದ ಮೊದಲ ದಿನವೇ ಮುಖ್ಯ ಅಧೀಕ್ಷಕರ ಗಮನಕ್ಕೆ ತನ್ನಿ. ಹೆಬ್ಬೆಟ್ಟಿನ ಗುರುತು ಬೇಕೆಂದರೆ ಅವರೇ ತೆಗೆದುಕೊಳ್ಳುತ್ತಾರೆ.

ಇನ್ನು ಪರೀಕ್ಷೆ-2ರ ಮಾತು. 2023-24ರಿಂದ ನಮ್ಮಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ವಿದ್ಯಾರ್ಥಿಗೆ ಹೆಚ್ಚು ಬಂದ ಅಂಕಗಳನ್ನು ಉಳಿಸಿಕೊಳ್ಳುವ ಅವಕಾಶವೂ ಇದೆ. ಇದು ನಿಮ್ಮಂತಹವರಿಗೆ ನಿಜವಾದ ಆಸರೆ, ಆದರೆ ಅದನ್ನು ಮೊದಲ ದಾರಿಯಾಗಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಗೆಳೆಯರೆಲ್ಲ ಪರೀಕ್ಷೆ ಮುಗಿಸಿ ರಜೆಯಲ್ಲಿರುವಾಗ ಒಬ್ಬನೇ ಓದುತ್ತ ಕೂರುವುದು ಹದಿನೈದರ ಹುಡುಗನಿಗೆ ಭಾರ; ಫಲಿತಾಂಶ ತಡವಾಗಿ ಬಂದಾಗ ಬೇಕಾದ ಕಾಲೇಜಿನಲ್ಲಿ ಬೇಕಾದ ವಿಭಾಗ ಉಳಿದಿರುತ್ತದೆಂಬ ಖಾತ್ರಿಯಿಲ್ಲ. ಪರೀಕ್ಷೆ-1ನ್ನು ಲಿಪಿಕಾರನೊಂದಿಗೆ ಬರೆಯಲಿ. ಎಣಿಸಿದ್ದಕ್ಕಿಂತ ಅಂಕ ಕಡಿಮೆಯಾದ ವಿಷಯಗಳಿದ್ದರೆ, ಬಹುಶಃ ಗಣಿತ ಅಥವಾ ವಿಜ್ಞಾನ, ಅವುಗಳನ್ನು ಮಾತ್ರ ಪರೀಕ್ಷೆ-2ರಲ್ಲಿ ವಾಸಿಯಾದ ತನ್ನ ಕೈಯಿಂದಲೇ ಮತ್ತೆ ಬರೆಯಬಹುದು. ಮೂಳೆಗೆ ಶಸ್ತ್ರಚಿಕಿತ್ಸೆ ಬೇಕಾಗಿ, ನೋವಿನ ಮಾತ್ರೆಗಳಿಂದ ತೂಕಡಿಸುವ ಸ್ಥಿತಿ ಬಂದರೆ ಮಾತ್ರ ಈ ಸಲ ಬಿಡುವ ಯೋಚನೆ ಮಾಡಿ.

ಈಗ ನಿಧಾನ ಬರವಣಿಗೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇದೇ. ಬಾಯಲ್ಲಿ ಸರಾಗವಾಗಿ ಹೇಳುವ ಹುಡುಗ ಬರೆಯಲು ಕೂತಾಗ ಅರ್ಧದಲ್ಲಿ ನಿಲ್ಲುವುದಕ್ಕೆ ಕಾರಣ ಸೋಮಾರಿತನವೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ತೀರ್ಮಾನ ಆಗಿಬಿಟ್ಟಿರುತ್ತದೆ. ಅಭ್ಯಾಸ ಸಾಲದೆಯೂ ಹೀಗಾಗಬಹುದು. ಡಿಸ್‌ಗ್ರಾಫಿಯಾ ಎಂಬ, ಬರವಣಿಗೆಗೆ ಸಂಬಂಧಿಸಿದ ಕಲಿಕಾ ನ್ಯೂನತೆಯೂ ಇರಬಹುದು. ಅವನ ಹಳೆಯ ನೋಟು ಪುಸ್ತಕಗಳನ್ನು ತೆಗೆದು ನೋಡಿ. ಒಂದೇ ಪುಟದಲ್ಲಿ ಅಕ್ಷರದ ಗಾತ್ರ ಏರಿಳಿಯುತ್ತದೆಯೇ? ಒತ್ತಕ್ಷರಗಳು ಬಿಟ್ಟುಹೋಗಿವೆಯೇ, ಅಥವಾ ಬೇರೆ ಅಕ್ಷರದ ಕೆಳಗೆ ಬಿದ್ದಿವೆಯೇ? ಕರಿಹಲಗೆಯಿಂದ ನಕಲು ಮಾಡಿದ್ದರಲ್ಲಿಯೂ ತಪ್ಪುಗಳಿವೆಯೇ? ಪುಟದ ಮೊದಲ ಸಾಲುಗಳಿಗಿಂತ ಕೊನೆಯ ಸಾಲುಗಳು ತೀರ ಹದಗೆಟ್ಟಿವೆಯೇ? ಚಿಕ್ಕ ತರಗತಿಯಿಂದಲೂ ಹೀಗೇ ಇದ್ದರೆ ತಜ್ಞರಿಗೆ ತೋರಿಸುವುದು ಅಗತ್ಯ.

1995ರ ಹಳೆಯ ಕಾನೂನಿನಲ್ಲಿ 7 ಬಗೆಯ ಅಂಗವಿಕಲತೆಗಳಷ್ಟೇ ಇದ್ದವು, ಕಲಿಕಾ ನ್ಯೂನತೆಗೆ ಅಲ್ಲಿ ಜಾಗವಿರಲಿಲ್ಲ. 2016ರ ಅಧಿನಿಯಮ ಪಟ್ಟಿಯನ್ನು 21ಕ್ಕೆ ಏರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಆದ್ದರಿಂದ ಮುರಿದ ಕೈಗೆ ಸಿಗದ ಕಾನೂನಿನ ಬಲ ಈ ತೊಂದರೆಗೆ ಸಿಗುತ್ತದೆ, ಅದು ದೃಢಪಟ್ಟರೆ. ಆಗ ಮೇಲೆ ಹೇಳಿದ ತೀರ್ಪುಗಳೆಲ್ಲ ನಿಮ್ಮ ಕಡೆಗಿರುತ್ತವೆ. ನ್ಯೂನತೆ ಮಾನದಂಡದ ಮಟ್ಟದ್ದಾಗಿದ್ದರೆ ಲಿಪಿಕಾರರು ಬೇಡ, ತಾನೇ ಬರೆಯುತ್ತೇನೆ ಎನ್ನುವವರಿಗೂ ಮೂರು ಗಂಟೆಯ ಪತ್ರಿಕೆಗೆ ಕನಿಷ್ಠ ಒಂದು ಗಂಟೆ ಹೆಚ್ಚು ಕೊಡಬೇಕೆಂದು 2018ರ ಮಾರ್ಗಸೂಚಿ ಹೇಳಿತ್ತು. ನಿಧಾನವಾಗಿ ಬರೆಯುವ ಮಗುವಿಗೆ ಹಲವು ಸಲ ಅದೊಂದೇ ಸಾಕಾಗುತ್ತದೆ. ಮಾನದಂಡಕ್ಕಿಂತ ಕಡಿಮೆಯಿದ್ದರೆ ಆಗ ಜಾರಿಯಲ್ಲಿರುವ ನಮೂನೆಯಲ್ಲಿ ಸರ್ಕಾರಿ ಆಸ್ಪತ್ರೆಯ ತಜ್ಞರ ಮಂಡಳಿಯಿಂದ ಪ್ರಮಾಣಪತ್ರ ಪಡೆಯಬೇಕು. 2022ರ ನಮೂನೆಯಲ್ಲಿ ಅದರ ಅವಧಿ ಗರಿಷ್ಠ 6 ತಿಂಗಳಿತ್ತು, ಹಾಗಾಗಿ ಪರೀಕ್ಷೆಯ ದಿನಗಳನ್ನು ಲೆಕ್ಕಹಾಕಿಯೇ ಮಾಡಿಸಿ.

ಕಾಗದ ಕೈಯಲ್ಲಿದ್ದರೂ ಕೇಂದ್ರದಲ್ಲಿ ಎಡವಟ್ಟಾಗಬಹುದು ಎಂಬುದಕ್ಕೆ ಒಂದು ದೃಷ್ಟಾಂತವಿದೆ. 2021ರ ನೀಟ್ ಪರೀಕ್ಷೆಯಲ್ಲಿ ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ನ್ಯಾಯವಾಗಿ ಸಿಗಬೇಕಿದ್ದ ಹೆಚ್ಚುವರಿ ಒಂದು ಗಂಟೆಯನ್ನು ಕೊಡದೆ ಉತ್ತರ ಪತ್ರಿಕೆಯನ್ನು ಎಲ್ಲರ ಜೊತೆಗೇ ತೆಗೆದುಕೊಂಡುಬಿಟ್ಟರು. ಆ ವರ್ಷದ ನವೆಂಬರ್ 23ರಂದು ಸುಪ್ರೀಂ ಕೋರ್ಟು ಇದನ್ನು ಅನ್ಯಾಯವೆಂದು ಹೇಳಿ, ಸರಿಪಡಿಸುವ ದಾರಿ ಹುಡುಕುವಂತೆ ಪರೀಕ್ಷಾ ಸಂಸ್ಥೆಗೆ ಸೂಚಿಸಿತು, ಆದರೆ ಮರುಪರೀಕ್ಷೆ ಸಿಗಲಿಲ್ಲ. ಕೊಠಡಿಯ ಮೇಲ್ವಿಚಾರಕರಿಗೆ ನಿಯಮ ಗೊತ್ತಿರುತ್ತದೆಂದು ನಂಬಿ ಕೂರಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಆದೇಶದ ಒಂದು ಪ್ರತಿ ಪ್ರವೇಶಪತ್ರದ ಜೊತೆ ಮಗುವಿನ ಬಳಿಯೇ ಇರಬೇಕು.

ಈ ಪರೀಕ್ಷೆಗೆ ಮುನ್ನ ತಪಾಸಣೆಗೆ ಓಡಾಡಬೇಡಿ. ಬಲಗೈ ಪ್ಲಾಸ್ಟರ್‌ನಲ್ಲಿರುವಾಗ ಬರವಣಿಗೆಯ ಪರೀಕ್ಷೆ ಮಾಡಲು ಬರುವುದೂ ಇಲ್ಲ. ಏಪ್ರಿಲ್ ಕೊನೆಗೆ ಕೈ ಪೂರ್ತಿ ಸ್ವಾಧೀನಕ್ಕೆ ಬಂದ ಮೇಲೆ, ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಥವಾ ಕಲಿಕಾ ನ್ಯೂನತೆಯ ತಪಾಸಣೆ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮೊದಲೇ ದಿನ ಗೊತ್ತುಮಾಡಿಕೊಂಡು ಕರೆದೊಯ್ಯಿರಿ. ಹೋಗುವಾಗ ಐದನೆಯ ತರಗತಿಯಿಂದ ಈಚೆಗಿನ ನೋಟು ಪುಸ್ತಕಗಳು, ತಿದ್ದಿದ ಉತ್ತರ ಪತ್ರಿಕೆಗಳು, ತರಗತಿ ಶಿಕ್ಷಕರು ಬರೆದುಕೊಟ್ಟ ಒಂದು ಪುಟದ ಅಭಿಪ್ರಾಯ ಜೊತೆಗಿರಲಿ. ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ ಎಂದಾದರೆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಮಾಡುವಂತೆ ಕೇಳಿ. ಇಂಗ್ಲಿಷ್ ಬರವಣಿಗೆಯನ್ನಷ್ಟೇ ನೋಡಿದರೆ ಭಾಷೆ ಬಾರದ್ದು ಯಾವುದು, ಬರವಣಿಗೆಯ ತೊಂದರೆ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಈಗಲೇ ಒಮ್ಮೆ ಕಂಡು ವಿಷಯ ತಿಳಿಸಿಟ್ಟರೆ ಲಿಪಿಕಾರರ ಅರ್ಜಿಗೂ ಮುಂದಿನ ತಪಾಸಣೆಗೂ ಅವರ ನೆರವು ಒದಗುತ್ತದೆ. ನ್ಯೂನತೆ ದೃಢಪಟ್ಟರೆ ಆ ವರದಿಯ ಪ್ರತಿಯನ್ನು ಪಿಯು ಕಾಲೇಜಿಗೆ ಸೇರುವ ದಿನವೇ ಪ್ರಾಂಶುಪಾಲರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಮೊದಲ ವರ್ಷದ ಕಿರುಪರೀಕ್ಷೆಗಳಿಂದಲೇ ಹೆಚ್ಚಿನ ಸಮಯ ಕೊಡುವಂತೆ ಬರವಣಿಗೆಯಲ್ಲಿ ಕೇಳಿ.